ಸಣ್ಣ ಮೋಟಾರ್ ಸೈಕಲ್ ಎಂಜಿನ್: ಮನೆಯಲ್ಲಿಯೇ ದುರಸ್ತಿ ಕಲಿಯುವವರಿಗೆ

ಬೆಂಗಳೂರಿನ ಪಶ್ಚಿಮಕ್ಕೆ, ಜ್ಞಾನಭಾರತಿ ಆವರಣದ ಸನಿಹದಲ್ಲಿರುವ ಮಲ್ಲತ್ತಹಳ್ಳಿ ಇಂದು ನಗರದ ಬಡಾವಣೆಯಾಗಿ ಬೆಳೆದಿದೆ. ಊರಿನ ಹೊಲಗಳು ಬಹುಮಟ್ಟಿಗೆ ನಿವೇಶನಗಳಾಗಿವೆ. ಆದರೆ ಅಲ್ಲಿಂದ ಇನ್ನೂ ಪಶ್ಚಿಮಕ್ಕೆ ಸೂಲಿಕೆರೆ, ರಾಮೋಹಳ್ಳಿ, ತಾವರೆಕೆರೆಗಳ ಕಡೆಗೆ ಸಾಗಿದಂತೆ ಸೊಪ್ಪು, ತರಕಾರಿ ಮತ್ತು ಹೂವಿನ ಬೇಸಾಯ ಇನ್ನೂ ಕಾಣಸಿಗುತ್ತದೆ. ಸಂಜೆ ಕಿತ್ತು ಕಂತೆ ಕಟ್ಟಿದ ಕೊತ್ತಂಬರಿ, ದಂಟಿನ ಸೊಪ್ಪುಗಳು ಬೆಳಗಿನ ಜಾವ ಸಣ್ಣ ಮೋಟಾರ್ ಸೈಕಲ್ ಅಥವಾ ಮೊಪೆಡ್ಡಿನ ಮೇಲೆ ಮಾರುಕಟ್ಟೆಗೆ ಹೊರಡುತ್ತವೆ. ಆ ಹೊತ್ತಿನಲ್ಲಿ ಎಂಜಿನ್ ಶುರುವಾಗದಿದ್ದರೆ ಗ್ಯಾರೇಜಿನ ಬಾಗಿಲು ತೆರೆಯುವವರೆಗೆ ಕಾಯಬೇಕು. ಅಷ್ಟರಲ್ಲಿ ಸೊಪ್ಪು ಬಾಡುತ್ತದೆ, ಬೆಲೆ ಇಳಿಯುತ್ತದೆ. ಒಂದು ಸಣ್ಣ ಪ್ಲಗ್ಗಿನ ದೋಷದಿಂದ ಒಂದು ಕಟಾವಿನ ಲಾಭವೇ ಕೈತಪ್ಪಬಹುದು.

ಎಂಜಿನ್ ಶುರುವಾಗದಿರುವುದಕ್ಕೆ ಕಾರಣಗಳು ಅನೇಕ ವೇಳೆ ಚಿಕ್ಕವು. ಅವನ್ನು ಮನೆಯಲ್ಲಿಯೇ ಪತ್ತೆಮಾಡಿ ಸರಿಪಡಿಸಬಹುದು. ಆದರೆ ಕಾರಣವನ್ನು ತಿಳಿಯದೆ ಸ್ಪಾನರ್ ಹಿಡಿದರೆ ಚಿಕ್ಕ ದೋಷ ದೊಡ್ಡದಾಗುತ್ತದೆ. ಎಲೆ ಹಳದಿಯಾಯಿತೆಂದು ಬೇರನ್ನೂ ಮಣ್ಣನ್ನೂ ನೋಡದೆ ಯೂರಿಯಾ ಎರಚುವುದಕ್ಕೂ, ಬೈಕು ನಿಂತಿತೆಂದು ಪರೀಕ್ಷಿಸದೆ ಬಿಡಿಭಾಗಗಳನ್ನು ಬದಲಿಸುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆದುದರಿಂದ ಹೊಸಬರು ಮೊದಲು ಕಲಿಯಬೇಕಾದದ್ದು ಬಿಚ್ಚುವುದನ್ನಲ್ಲ, ಪರೀಕ್ಷಿಸುವ ಕ್ರಮವನ್ನು.

ಯಾವ ಎಂಜಿನ್‌ಗಳಿಗೆ ಈ ಕ್ರಮ?

ಕರ್ನಾಟಕದಲ್ಲಿ ಸವಾರರೇ ಎಂಜಿನ್ ಬಿಚ್ಚಿ ಜೋಡಿಸುವ ರೂಢಿ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳ ಟೂ ಸ್ಟ್ರೋಕ್ ಎಂಜಿನ್ ಸರಳ ರಚನೆಯದು. 1980ರಲ್ಲಿ ನೆರೆಯ ಹೊಸೂರಿನಿಂದ ಬಂದ ಟಿ.ವಿ.ಎಸ್. 50 ಮೊಪೆಡ್ಡಿನದೂ ಟೂ ಸ್ಟ್ರೋಕ್ ಎಂಜಿನ್ನೇ. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂದ ಮೇಲೆ 100 ಸಿ.ಸಿ.ಯ ಫೋರ್ ಸ್ಟ್ರೋಕ್ ಎಂಜಿನ್ ಹಳ್ಳಿಗಳಲ್ಲಿ ನೆಲೆಯೂರಿತು. ಈ ಲೇಖನದ ಸಲಹೆಗಳು ಮುಖ್ಯವಾಗಿ ಗಾಳಿಯಿಂದ ತಂಪಾಗುವ, ಕಾರ್ಬೊರೇಟರ್ ಇರುವ ಇಂತಹ 100 ಸಿ.ಸಿ. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಅನ್ವಯಿಸುತ್ತವೆ.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ನಂತರದ ಬೈಕುಗಳಲ್ಲಿ ಬಹುಪಾಲಿಗೆ ಕಾರ್ಬೊರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್ ವ್ಯವಸ್ಥೆ ಇದೆ. ಇವುಗಳಲ್ಲಿ ಪೆಟ್ರೋಲ್ ಕೊಳವೆಯು ಪಂಪಿನ ಒತ್ತಡದಲ್ಲಿರುತ್ತದೆ. ಪ್ಲಗ್, ಗಾಳಿ ಸೋಸಕ, ಬ್ಯಾಟರಿ ಮತ್ತು ಎಣ್ಣೆಗಳ ಪರಿಶೀಲನೆಯನ್ನು ಮನೆಯಲ್ಲಿ ಮಾಡಬಹುದಾದರೂ ಪೆಟ್ರೋಲ್ ಕೊಳವೆಯನ್ನಾಗಲೀ ಇಂಜೆಕ್ಟರನ್ನಾಗಲೀ ಹೊಸಬರು ಬಿಚ್ಚಬಾರದು.

ಎಂಜಿನ್ ನಡೆಯಲು ಬೇಕಾದ ನಾಲ್ಕು ಅಂಶಗಳು

ಬೆಳೆಗೆ ನೀರು, ಗಾಳಿ, ಬೆಳಕು, ಪೋಷಕಾಂಶಗಳು ಬೇಕಿರುವಂತೆ ಪೆಟ್ರೋಲ್ ಎಂಜಿನ್ನಿಗೆ ಪೆಟ್ರೋಲ್, ಗಾಳಿ, ಕಿಡಿ ಮತ್ತು ಒತ್ತಡ ಬೇಕು. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ಎಂಜಿನ್ ನಡೆಯುವುದಿಲ್ಲ.

ಸಿ.ಡಿ. 100 ಎಂಜಿನ್ನಿನ ಸಿಲಿಂಡರಿನ ಒಳವ್ಯಾಸ 50 ಮಿ.ಮೀ. ಪಿಸ್ಟನ್ ಚಲಿಸುವ ದೂರ 49.5 ಮಿ.ಮೀ. ಹೀಗೆ ಅದರ ಗಾತ್ರ 97.2 ಘನ ಸೆಂ.ಮೀ. ಆಗುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒಳಗೆಳೆಯುತ್ತದೆ, ಮೇಲೇರುವಾಗ ಅದನ್ನು ಒತ್ತುತ್ತದೆ. ಆಗ ಪ್ಲಗ್ ಕಿಡಿ ಕೊಡುತ್ತದೆ, ಮಿಶ್ರಣ ಉರಿದು ಪಿಸ್ಟನನ್ನು ಕೆಳಕ್ಕೆ ತಳ್ಳುತ್ತದೆ. ಮತ್ತೆ ಮೇಲೇರುವ ಪಿಸ್ಟನ್ ಹೊಗೆಯನ್ನು ಹೊರಹಾಕುತ್ತದೆ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಈ ನಾಲ್ಕು ಹಂತಗಳ ಕೆಲಸ ಒಂದೇ ಸೆಕೆಂಡಿನಲ್ಲಿ 50 ಬಾರಿ ನಡೆದುಹೋಗುತ್ತದೆ. ಇಷ್ಟು ವೇಗದಲ್ಲಿ ಚಲಿಸುವ ಭಾಗಗಳ ನಡುವೆ ಒಂದು ಚಿಟಿಕೆ ಮರಳು ಸೇರಿದರೂ ಹಾನಿ ಎಷ್ಟೆಂಬುದನ್ನು ಊಹಿಸಬಹುದು. ದುರಸ್ತಿಯಲ್ಲಿ ಶುಚಿತ್ವಕ್ಕೆ ಪ್ರಥಮ ಸ್ಥಾನವಿರುವುದು ಇದೇ ಕಾರಣದಿಂದ.

ಸ್ಥಳ ಮತ್ತು ಸಲಕರಣೆಗಳು

ನೆರಳಿರುವ, ಗಾಳಿಯಾಡುವ, ಸಮತಟ್ಟಾದ ಜಾಗ ಬೇಕು. ಬೈಕನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಎಂಜಿನ್ ಪೂರ್ತಿ ಆರುವವರೆಗೆ ಕಾಯಬೇಕು. ಕೆಳಗೆ ಬಿಳಿಯ ಬಟ್ಟೆ ಹಾಸಿದರೆ ಜಾರಿಬಿದ್ದ ಸಣ್ಣ ಸ್ಕ್ರೂ ಕೂಡಲೇ ಕಣ್ಣಿಗೆ ಬೀಳುತ್ತದೆ.

ಬೇಕಾಗುವ ಸಾಮಾನುಗಳು ಹೆಚ್ಚಿಲ್ಲ: ಬೈಕಿನ ಜೊತೆ ಬಂದ ಪ್ಲಗ್ ಸ್ಪಾನರ್, 8ರಿಂದ 17 ಮಿ.ಮೀ.ವರೆಗಿನ ರಿಂಗ್ ಸ್ಪಾನರುಗಳು, ಸರಿಯಾದ ಅಳತೆಯ ಎರಡು ಸ್ಕ್ರೂ ಡ್ರೈವರ್, ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರ್, ಸಂದು ಅಳೆಯುವ ಫೀಲರ್ ಗೇಜ್, ಹಳೆಯ ಹಲ್ಲುಜ್ಜುವ ಬ್ರಷ್, ಒಣ ಬಟ್ಟೆ ಮತ್ತು ತಯಾರಕರ ಕೈಪಿಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿಗಳು ಸಾಲಾಗಿವೆ. ಕೊಳ್ಳಲು ಹೋಗುವಾಗ ಹಳೆಯ ಭಾಗವನ್ನು ಜೊತೆಗೆ ಕೊಂಡೊಯ್ದರೆ ಅಳತೆ ತಪ್ಪುವುದಿಲ್ಲ.

ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದಿಡುವುದು ಒಳ್ಳೆಯದು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಜೋಡಿಸಿಡಬೇಕು. ಮರಳಿ ಕೂಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು.

ಶುರುವಾಗದ ಎಂಜಿನ್: ಪರೀಕ್ಷೆಯ ಕ್ರಮ

ಮಳೆಗಾಲವಿಡೀ ಹಿತ್ತಲಿನಲ್ಲಿ ನಿಂತಿದ್ದ 100 ಸಿ.ಸಿ. ಬೈಕೊಂದು ಎಷ್ಟು ಒದ್ದರೂ ಶುರುವಾಗುತ್ತಿಲ್ಲ ಎಂದಿಟ್ಟುಕೊಳ್ಳಬಹುದು. ಆಗ ಈ ಕೆಳಗಿನ ಕ್ರಮವನ್ನು ಅನುಸರಿಸಬೇಕು.

1. ಕಣ್ಣಿಗೆ ಕಾಣುವುದನ್ನು ಮೊದಲು ನೋಡುವುದು: ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ, ಪೆಟ್ರೋಲ್ ಟ್ಯಾಪ್ ತೆರೆದಿದೆಯೇ, ಎಂಜಿನ್ ನಿಲ್ಲಿಸುವ ಸ್ವಿಚ್ಚು ಸರಿಯಾದ ಸ್ಥಾನದಲ್ಲಿದೆಯೇ, ಪ್ಲಗ್ಗಿನ ಟೋಪಿ ಸಡಿಲವಾಗಿದೆಯೇ, ಇಲಿ ಕಡಿದ ತಂತಿ ಇದೆಯೇ ಎಂಬುದನ್ನು ಪರಿಶೀಲಿಸಬೇಕು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗಲು ಸಣ್ಣ ರಂಧ್ರವಿರುತ್ತದೆ. ಅದು ಮಣ್ಣಿನಿಂದ ಮುಚ್ಚಿದ್ದರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಸ್ವಲ್ಪ ದೂರ ಓಡಿ ನಿಂತು, ಮುಚ್ಚಳ ತೆರೆದೊಡನೆ ಮತ್ತೆ ಶುರುವಾಗುವ ಬೈಕಿನಲ್ಲಿ ದೋಷ ಸಾಮಾನ್ಯವಾಗಿ ಇಲ್ಲಿಯೇ ಇರುತ್ತದೆ.

2. ಪ್ಲಗ್ ಬಿಚ್ಚಿ ನೋಡುವುದು: ಏಳೆಂಟು ಬಾರಿ ಒದ್ದ ಮೇಲೆ ಪ್ಲಗ್ ಬಿಚ್ಚಬೇಕು. ಬಿಚ್ಚುವ ಮುನ್ನ ಅದರ ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ತೆಗೆಯದಿದ್ದರೆ ಅದು ನೇರವಾಗಿ ಸಿಲಿಂಡರಿಗೆ ಬೀಳುತ್ತದೆ. ಪ್ಲಗ್ಗಿನ ತುದಿ ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲವೆಂದು ತಿಳಿಯಬೇಕು. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಆದರೆ ಉರಿಯುತ್ತಿಲ್ಲ. ಈ ಒಂದು ನೋಟದಿಂದಲೇ ಹುಡುಕಾಟದ ಅರ್ಧ ದಾರಿ ಕಡಿಮೆಯಾಗುತ್ತದೆ. ಒಣಗಿದ್ದರೆ ಕಾರ್ಬೊರೇಟರಿನ ಕಡೆಗೆ, ಒದ್ದೆಯಾಗಿದ್ದರೆ ಕಿಡಿಯ ಕಡೆಗೆ ಗಮನ ಹರಿಸಬೇಕು.

3. ಕಿಡಿಯ ಪರೀಕ್ಷೆ: ಪ್ಲಗ್ಗನ್ನು ಒರೆಸಿ, ಟೋಪಿಗೆ ಸಿಕ್ಕಿಸಿ, ರಬ್ಬರ್ ಹಿಡಿಯ ಪ್ಲೇಯರಿನಿಂದ ಹಿಡಿದು ಅದರ ಲೋಹದ ಭಾಗ ಎಂಜಿನ್ನಿನ ಲೋಹಕ್ಕೆ ಚೆನ್ನಾಗಿ ತಾಗುವಂತೆ ಇರಿಸಬೇಕು. ಪ್ಲಗ್ಗಿನ ರಂಧ್ರವನ್ನು ಬಟ್ಟೆಯಿಂದ ಮುಚ್ಚಿ, ಪ್ಲಗ್ಗನ್ನು ಅದರಿಂದ ದೂರದಲ್ಲಿಯೇ ಇಡಬೇಕು. ಆ ರಂಧ್ರದಿಂದ ಹೊರಬರುವ ಪೆಟ್ರೋಲ್ ಆವಿಗೆ ಕಿಡಿ ತಗುಲಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಸ್ವಿಚ್ಚು ಹಾಕಿ ಕಿಕ್ಕರ್ ಒತ್ತಿದಾಗ ಚಟಚಟ ಸದ್ದಿನೊಡನೆ ನೀಲಿ ಛಾಯೆಯ ಕಿಡಿ ಬಂದರೆ ಸರಿ. ಹಳದಿಯಾದ ದುರ್ಬಲ ಕಿಡಿ ಬಂದರೆ ಅಥವಾ ಬಾರದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಬೇಕು. ಆಗಲೂ ಬಾರದಿದ್ದರೆ ಟೋಪಿ, ತಂತಿ, ಸ್ವಿಚ್ಚುಗಳ ಜೋಡಣೆಗಳನ್ನು ಶುಚಿಗೊಳಿಸಬೇಕು. ಕಾಯಿಲ್ ಮತ್ತು ಸಿ.ಡಿ.ಐ. ಪೆಟ್ಟಿಗೆಯ ಪರೀಕ್ಷೆಗೆ ಮಾಪಕ ಬೇಕಾದುದರಿಂದ ಅದನ್ನು ತಿಳಿದವರಿಗೆ ಬಿಡುವುದು ಲೇಸು.

ಪ್ಲಗ್ಗಿನ ತುದಿಗಳ ನಡುವಿನ ಸಂದು ಮಾದರಿಗೆ ತಕ್ಕಂತೆ ಸಾಮಾನ್ಯವಾಗಿ 0.6ರಿಂದ 0.9 ಮಿ.ಮೀ. ಒಳಗಿರುತ್ತದೆ. ಕೈಪಿಡಿಯಲ್ಲಿರುವ ಅಳತೆಯನ್ನೇ ಪಾಲಿಸಬೇಕು. ಮರಳಿ ಹಾಕುವಾಗ ಪ್ಲಗ್ಗನ್ನು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ ಕೂರಿಸಬೇಕು. ಎಂಜಿನ್ನಿನ ತಲೆ ಅಲ್ಯುಮಿನಿಯಂ ಆದ್ದರಿಂದ ಮರೆ ಅಡ್ಡವಾಗಿ ಹತ್ತಿದರೆ ಕಿತ್ತುಹೋಗುತ್ತದೆ. ಬೆರಳಿನಿಂದ ಕೂರಿಸಿದ ನಂತರ ಹೊಸ ಪ್ಲಗ್ಗಿಗೆ ಸ್ಪಾನರಿನಿಂದ ಸುಮಾರು ಅರ್ಧ ಸುತ್ತು ಸಾಕು, ಹಳೆಯದಕ್ಕೆ ಅದಕ್ಕಿಂತಲೂ ಕಡಿಮೆ.

4. ಗಾಳಿಯ ದಾರಿ: ಒಂದು ಲೀಟರ್ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಇಷ್ಟೂ ಗಾಳಿ ಗಾಳಿ ಸೋಸಕದ ಮೂಲಕವೇ ಹೋಗಬೇಕು. ಹೊಲದ ದಾರಿಯಲ್ಲಿ ಓಡುವ ಬೈಕಿನ ಸೋಸಕ ಧೂಳಿನಿಂದ ಬೇಗ ಮುಚ್ಚಿಕೊಳ್ಳುತ್ತದೆ. ಸ್ಪಂಜಿನ ಸೋಸಕವನ್ನು ಸೀಮೆಎಣ್ಣೆ ಅಥವಾ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಕೈಪಿಡಿ ಹೇಳಿದಂತೆ ಎಣ್ಣೆ ಸವರಿ ಹಾಕಬೇಕು. ಕಾಗದದ ಸೋಸಕವನ್ನು ತೊಳೆಯದೆ ಹೊಸದನ್ನೇ ಹಾಕಬೇಕು. ಸೋಸಕವಿಲ್ಲದೆ ಬೈಕು ಓಡಿಸಿದರೆ ಧೂಳು ಒಳಹೊಕ್ಕು ಸಿಲಿಂಡರನ್ನು ಸವೆಸುತ್ತದೆ.

5. ಒತ್ತಡದ ಪರೀಕ್ಷೆ: ಸ್ವಿಚ್ಚು ಮತ್ತು ಪೆಟ್ರೋಲ್ ಟ್ಯಾಪ್ ಮುಚ್ಚಿ, ಪ್ಲಗ್ಗಿನ ರಂಧ್ರಕ್ಕೆ ಹೆಬ್ಬೆರಳು ಒತ್ತಿ ಹಿಡಿದು ಕಿಕ್ಕರ್ ತುಳಿಯಬೇಕು. ಬೆರಳನ್ನು ಬಲವಾಗಿ ತಳ್ಳಿದರೆ ಒತ್ತಡವಿದೆ. ತಳ್ಳುವಿಕೆ ಕ್ಷೀಣವಾಗಿದ್ದರೆ ಒಂದು ಚಹಾ ಚಮಚ, ಅಂದರೆ ಸುಮಾರು 5 ಮಿ.ಲೀ. ಎಂಜಿನ್ ಎಣ್ಣೆಯನ್ನು ರಂಧ್ರದಲ್ಲಿ ಬಿಟ್ಟು, ಕೆಲವು ಬಾರಿ ಒದ್ದು, ಮತ್ತೆ ಪರೀಕ್ಷಿಸಬೇಕು. ಈಗ ಒತ್ತಡ ಹೆಚ್ಚಿದರೆ ಪಿಸ್ಟನ್ ರಿಂಗು ಅಥವಾ ಸಿಲಿಂಡರ್ ಸವೆದಿದೆ. ಎಣ್ಣೆ ಅಲ್ಲಿಯ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದ್ದರಿಂದ ಒತ್ತಡ ಏರಿತು. ಹೆಚ್ಚದಿದ್ದರೆ ವಾಲ್ವ್ ಅಥವಾ ತಲೆಯ ಗ್ಯಾಸ್ಕೆಟ್ ಸೋರುತ್ತಿದೆ. ಪಿಸ್ಟನ್ ತುದಿ ಮುಟ್ಟಿದಾಗ ಅದರ ಮೇಲೆ ಉಳಿಯುವ ಜಾಗ ಸುಮಾರು 12 ಘನ ಸೆಂ.ಮೀ. ಮಾತ್ರ. ಆದುದರಿಂದ ಒಂದು ಚಮಚಕ್ಕಿಂತ ಹೆಚ್ಚು ಎಣ್ಣೆ ಬಿಡಬಾರದು.

ಕಾರ್ಬೊರೇಟರ್ ಶುಚಿಗೊಳಿಸುವುದು

ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ದೋಷ ಹೆಚ್ಚಾಗಿ ಇಲ್ಲಿಯೇ ಇರುತ್ತದೆ. ಪೆಟ್ರೋಲ್ ಆರಿ, ಅದರ ಅಂಟಿನಂತಹ ಶೇಷ ಜೆಟ್ಟಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಇದಲ್ಲದೆ, 2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಬೆರಕೆ ಸುಮಾರು ಶೇ. 20ಕ್ಕೆ ತಲುಪಿದೆ. ಕಬ್ಬು ಮತ್ತು ಧಾನ್ಯಗಳಿಂದ ಬರುವ ಈ ಎಥನಾಲ್ ರೈತನ ಬೆಳೆಗೆ ಮಾರುಕಟ್ಟೆ ಒದಗಿಸಿದೆಯಾದರೂ ಅದಕ್ಕೆ ತೇವವನ್ನು ಹೀರುವ ಗುಣವಿದೆ. ನೀರಿನ ಅಂಶ ಮಿತಿಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ತಳ ಸೇರುತ್ತವೆ. ಎಂಜಿನ್ ಮೊದಲು ಹೀರುವುದು ಆ ತಳದ್ದನ್ನೇ. ಹಳೆಯ ಬೈಕುಗಳ ರಬ್ಬರ್ ಕೊಳವೆ, ವಾಷರುಗಳೂ ಎಥನಾಲಿನಿಂದ ಉಬ್ಬಿ ಬಿರಿಯುವ ಸಂಭವವಿದೆ.

ಕಾರ್ಬೊರೇಟರಿನ ತಳದಲ್ಲಿರುವ ಸ್ಕ್ರೂ ಸಡಿಲಿಸಿ, ಇಳಿಯುವ ಪೆಟ್ರೋಲನ್ನು ಗಾಜಿನ ಸೀಸೆಯಲ್ಲಿ ಹಿಡಿದು ಕೆಲ ನಿಮಿಷ ಬಿಡಬೇಕು. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಬದಲಿಸಬೇಕು. ಏನೂ ಇಳಿಯದಿದ್ದರೆ ಟ್ಯಾಪಿನ ಜಾಲರಿ ಅಥವಾ ಕೊಳವೆ ಕಟ್ಟಿದೆ ಎಂದರ್ಥ.

ಕಾರ್ಬೊರೇಟರನ್ನೇ ಇಳಿಸುವುದಾದರೆ ತಳದ ಬಟ್ಟಲು ಬಿಚ್ಚಿ ಮುಖ್ಯ ಜೆಟ್ ಮತ್ತು ಪೈಲಟ್ ಜೆಟ್ಟುಗಳನ್ನು ಹೊರತೆಗೆದು, ಕಾರ್ಬೊರೇಟರ್ ಕ್ಲೀನರಿನಿಂದ ತೊಳೆದು, ಸೈಕಲ್ ಪಂಪಿನಿಂದ ಗಾಳಿ ಊದಬೇಕು. ಬೆಳಕಿಗೆ ಹಿಡಿದಾಗ ರಂಧ್ರ ದುಂಡಗೆ, ಸ್ಪಷ್ಟವಾಗಿ ಕಾಣಬೇಕು. ರಂಧ್ರಕ್ಕೆ ಸೂಜಿ ಅಥವಾ ತಂತಿ ತೂರಿಸಬಾರದು. ಹಿತ್ತಾಳೆಯ ಜೆಟ್ ಮೆತ್ತಗಿರುವುದರಿಂದ ರಂಧ್ರ ಅಗಲವಾಗಿ ಪೆಟ್ರೋಲ್ ಖರ್ಚು ಶಾಶ್ವತವಾಗಿ ಏರುತ್ತದೆ. ಮಿಶ್ರಣದ ಸ್ಕ್ರೂ ತೆಗೆಯುವ ಮೊದಲು ಅದನ್ನು ಮೆಲ್ಲಗೆ ಕೊನೆಯವರೆಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಾಯಿತೆಂದು ಬರೆದುಕೊಳ್ಳಬೇಕು. ಮರಳಿ ಹಾಕುವಾಗ ಅಷ್ಟೇ ಸುತ್ತು ಹೊರಕ್ಕೆ ತಿರುಗಿಸಬೇಕು.

ಲಕ್ಷಣಗಳಿಂದ ದೋಷದ ಗುರುತು

— ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣ: ಎಂಜಿನ್ ಆರೋಗ್ಯವಾಗಿದೆ.
— ತುದಿಯಲ್ಲಿ ಒಣ ಕಪ್ಪು ಮಸಿ, ಸೈಲೆನ್ಸರಿನಲ್ಲಿ ಕಪ್ಪು ಹೊಗೆ: ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಸೋಸಕ ಮತ್ತು ಚೋಕ್ ನೋಡಬೇಕು.
— ತುದಿ ಬಿಳಿಚಿಕೊಂಡಿದೆ: ಪೆಟ್ರೋಲ್ ಕಡಿಮೆ ಅಥವಾ ಎಂಜಿನ್ ಅತಿಯಾಗಿ ಕಾಯುತ್ತಿದೆ. ಹಾಗೆಯೇ ಓಡಿಸಿದರೆ ಪಿಸ್ಟನಿಗೆ ಅಪಾಯ.
— ತುದಿ ಎಣ್ಣೆಯಿಂದ ಜಿಡ್ಡು, ನೀಲಿ ಹೊಗೆ: ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ರಿಂಗು ಅಥವಾ ವಾಲ್ವಿನ ಸೀಲ್ ಸವೆದಿದೆ.
— ಚಳಿಯ ಬೆಳಗಿನಲ್ಲಿ ಕೆಲಕಾಲ ಬಿಳಿ ಹೊಗೆ: ನೀರಿನ ಆವಿ, ಚಿಂತೆಯಿಲ್ಲ.
— ಎಂಜಿನ್ ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದೆ: ನೀರು ಸೇರಿದೆ, ಎಣ್ಣೆ ಬದಲಿಸದೆ ಓಡಿಸಬಾರದು.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆಯೂ ಪೆಟ್ರೋಲಿನೊಡನೆ ಉರಿಯುವುದರಿಂದ ತುಸು ಹೊಗೆ ಸಹಜ. ತಯಾರಕರು ಶೇ. 2 ಎಂದು ಹೇಳಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ., ಶೇ. 4 ಎಂದಿದ್ದರೆ 40 ಮಿ.ಲೀ. ಎಣ್ಣೆ ಅಳೆದು ಬೆರೆಸಬೇಕು. ಅಂದಾಜಿನಲ್ಲಿ ಕಡಿಮೆ ಹಾಕಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಬೆನ್ನಿಗೆ ಕಟ್ಟುವ ಟೂ ಸ್ಟ್ರೋಕ್ ಸಿಂಪರಣಾ ಯಂತ್ರಗಳಿಗೂ ಈ ಮಾತು ಅನ್ವಯಿಸುತ್ತದೆ.

ಎಲ್ಲಿ ನಿಲ್ಲಿಸಬೇಕು?

ಮೇಲಿನ ಪರೀಕ್ಷೆಗಳಲ್ಲಿ ಒತ್ತಡವೇ ಇಲ್ಲವೆಂದು ತಿಳಿದರೆ ಎಂಜಿನ್ನಿನ ತಲೆ ಬಿಚ್ಚಬೇಕಾಗುತ್ತದೆ. ಹೊಸಬರು ತಮ್ಮ ಮೊದಲ ದುರಸ್ತಿಯಲ್ಲಿ ಇದಕ್ಕೆ ಕೈಹಾಕುವುದು ಸೂಕ್ತವಲ್ಲ. ಟೈಮಿಂಗ್ ಚೈನು ಒಂದು ಹಲ್ಲು ತಪ್ಪಿ ಕೂತರೂ ವಾಲ್ವುಗಳು ತಪ್ಪು ಹೊತ್ತಿನಲ್ಲಿ ತೆರೆಯುತ್ತವೆ. ಪಿಸ್ಟನ್ನಿನ ಪಿನ್ನು ಹಿಡಿದಿಡುವ ಸಣ್ಣ ಸರ್ಕ್ಲಿಪ್ ಕೈಜಾರಿ ಕೆಳಗಿನ ಪೆಟ್ಟಿಗೆಗೆ ಬಿದ್ದರೆ ಇಡೀ ಎಂಜಿನ್ ಬಿಚ್ಚಬೇಕು. ತಲೆಯ ನಟ್ಟುಗಳನ್ನು ಅಡ್ಡಡ್ಡವಾಗಿ, ಹಂತ ಹಂತವಾಗಿ, ನಿಗದಿತ ಬಲದಿಂದ ಬಿಗಿಯದಿದ್ದರೆ ತಲೆ ಸೊಟ್ಟಗಾಗುತ್ತದೆ.

ಸಿಲಿಂಡರ್ ಸವೆದಿದ್ದರೆ ಅದನ್ನು ಲೇತ್ ಅಂಗಡಿಯಲ್ಲಿ ಅಳೆಸಿ, ಬೋರ್ ಮಾಡಿಸಿ, 0.25 ಅಥವಾ 0.50 ಮಿ.ಮೀ. ದೊಡ್ಡ ಪಿಸ್ಟನ್ ಹಾಕಿಸಬೇಕು. ಅಳತೆ ನೋಡದೆ ಸವೆದ ಸಿಲಿಂಡರಿಗೆ ಹೊಸ ರಿಂಗು ಹಾಕಿದರೆ ಹಣವೂ ಶ್ರಮವೂ ವ್ಯರ್ಥ. ಇಂತಹ ಕೆಲಸವನ್ನು ಕಲಿಯುವ ಆಸಕ್ತಿ ಇರುವವರು ನುರಿತ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಒಮ್ಮೆಯಾದರೂ ನೋಡಿ, ನಂತರ ಬಳಕೆಯಲ್ಲಿಲ್ಲದ ಹಳೆಯ ಎಂಜಿನ್ನಿನ ಮೇಲೆ ಅಭ್ಯಾಸ ಮಾಡುವುದು ಉತ್ತಮ. ನಿತ್ಯ ಮಾರುಕಟ್ಟೆಗೆ ಹೋಗುವ ಬೈಕನ್ನು ಅಭ್ಯಾಸಕ್ಕೆ ಬಳಸಬಾರದು.

ದೋಷ ಪತ್ತೆಯಾದ ಮೇಲೆ ಗ್ಯಾರೇಜಿಗೆ ಹೋದರೂ ಪ್ರಯೋಜನವಿದೆ. ‘ಕಿಡಿ ಸರಿಯಾಗಿದೆ, ಪೆಟ್ರೋಲ್ ಬರುತ್ತಿದೆ, ಎಣ್ಣೆ ಬಿಟ್ಟಾಗ ಒತ್ತಡ ಏರುತ್ತದೆ’ ಎಂದು ಹೇಳಬಲ್ಲ ರೈತನಿಗೆ ಬೇಡದ ಭಾಗಗಳ ಖರ್ಚು ಬೀಳುವ ಸಂಭವ ಕಡಿಮೆ.

ಮುನ್ನೆಚ್ಚರಿಕೆಗಳು

1. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ದೂರದ ಒಲೆ, ಬೀಡಿ ಅಥವಾ ದೇವರ ಮನೆಯ ದೀಪದವರೆಗೂ ತಲುಪಬಲ್ಲದು. ಮನೆಯೊಳಗೆ ಪೆಟ್ರೋಲ್ ಕೆಲಸ ಮಾಡಬಾರದು. ಒಂದು ಬಕೆಟ್ ಒಣ ಮರಳು ಹತ್ತಿರವಿರಲಿ.

2. ಮುಚ್ಚಿದ ಕೋಣೆ ಅಥವಾ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮನುಷ್ಯರಿಗೂ ದನಕರುಗಳಿಗೂ ಪ್ರಾಣಾಂತಕ.

3. ಕೊಳವೆಯಿಂದ ಬಾಯಿಯಲ್ಲಿ ಪೆಟ್ರೋಲ್ ಎಳೆಯುವ ರೂಢಿಯನ್ನು ಬಿಡಬೇಕು. ಕೆಲವು ಹನಿ ಶ್ವಾಸಕೋಶಕ್ಕೆ ಇಳಿದರೂ ತೀವ್ರ ಅಪಾಯ. ನುಂಗಿದವರಿಗೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ಇಡಬಾರದು, ಅದರಿಂದ ಕೈ ತೊಳೆಯಬಾರದು.

4. ಚೈನು ಮತ್ತು ಚಕ್ರದ ಬಳಿ ಕೆಲಸ ಮಾಡುವಾಗ ಎಂಜಿನ್ ನಿಂತಿರಬೇಕು. ಪಂಚೆ, ಟವೆಲುಗಳನ್ನು ದೂರವಿಡಬೇಕು.

5. ಹಳೆಯ ಎಂಜಿನ್ ಎಣ್ಣೆಯನ್ನು ಮೋರಿಗೆ ಸುರಿಯಬಾರದು. ಮಲ್ಲತ್ತಹಳ್ಳಿಯ ಭಾಗದ ಮೋರಿಗಳ ನೀರು ವೃಷಭಾವತಿ ಕಣಿವೆಗೆ ಸೇರುತ್ತದೆ. ಆ ನೀರು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹರಿಯುತ್ತದೆ, ಅಲ್ಲಿ ಅದನ್ನು ನಂಬಿ ಬೇಸಾಯ ಮಾಡುವವರೂ ರೈತರೇ. ಎಣ್ಣೆಯನ್ನು ಡಬ್ಬದಲ್ಲಿ ಸಂಗ್ರಹಿಸಿ, ಹಳೆಯ ಎಣ್ಣೆ ಕೊಳ್ಳುವವರಿಗೆ ತಲುಪಿಸಲು ಗ್ಯಾರೇಜಿಗೆ ಕೊಡಬೇಕು.

ದೋಷ ಬಾರದಂತೆ ತಡೆಯುವುದು

ವಾರಕ್ಕೊಮ್ಮೆ ಎಂಜಿನ್ ಎಣ್ಣೆಯ ಮಟ್ಟ ನೋಡಬೇಕು. ಈ ಸಣ್ಣ ಎಂಜಿನ್ನಿನಲ್ಲಿರುವ ಎಣ್ಣೆ ಸುಮಾರು ಒಂದು ಲೀಟರಿನೊಳಗೆ ಮಾತ್ರ. ಅದರಲ್ಲಿ ಕಾಲು ಭಾಗ ಕಡಿಮೆಯಾದರೂ ಎಂಜಿನ್ನಿಗೆ ಅಪಾಯ. ಧೂಳಿನ ದಾರಿಯಲ್ಲಿ ಓಡುವ ಬೈಕಿನ ಸೋಸಕವನ್ನು ಕೈಪಿಡಿಯಲ್ಲಿ ಹೇಳಿದ ಅವಧಿಗಿಂತ ಮೊದಲೇ ಶುಚಿಗೊಳಿಸಬೇಕು. ಕೆಲವು ವಾರ ಬಳಸದೆ ನಿಲ್ಲಿಸುವುದಿದ್ದರೆ ಪೆಟ್ರೋಲ್ ಟ್ಯಾಪ್ ಮುಚ್ಚಿ ಕಾರ್ಬೊರೇಟರ್ ಬರಿದು ಮಾಡಬೇಕು. ಒಂದು ಹೊಸ ಪ್ಲಗ್ ಮತ್ತು ಅದರ ಸ್ಪಾನರ್ ಸದಾ ಬೈಕಿನಲ್ಲಿಯೇ ಇರಲಿ.

ಪರೀಕ್ಷೆಗಳನ್ನು ಬಿಡುವಿನ ದಿನ, ಸುಸ್ಥಿತಿಯಲ್ಲಿರುವ ಬೈಕಿನ ಮೇಲೆಯೇ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಒಳ್ಳೆಯ ಕಿಡಿ ಹೇಗಿರುತ್ತದೆ, ಸರಿಯಾದ ಒತ್ತಡ ಬೆರಳಿಗೆ ಹೇಗೆ ತಾಗುತ್ತದೆ ಎಂಬುದನ್ನು ಅರಿತವರಿಗೆ ಮಾತ್ರ ಕೆಟ್ಟದ್ದು ಗೊತ್ತಾಗುತ್ತದೆ. ಪೆಟ್ರೋಲ್, ಕಿಡಿ, ಗಾಳಿ, ಒತ್ತಡ ಈ ನಾಲ್ಕನ್ನು ಒಂದೊಂದಾಗಿ ಪರೀಕ್ಷಿಸಿ, ತಮ್ಮ ಕೈಮೀರಿದ್ದನ್ನು ತಿಳಿದವರಿಗೆ ಒಪ್ಪಿಸುವ ರೈತರು ದುರಸ್ತಿಯ ಖರ್ಚನ್ನು ತಗ್ಗಿಸಿಕೊಳ್ಳುವುದಲ್ಲದೆ ಬೆಳೆದ ಸೊಪ್ಪನ್ನು ಹೊತ್ತಿಗೆ ಸರಿಯಾಗಿ ಮಾರುಕಟ್ಟೆಗೆ ಮುಟ್ಟಿಸಬಹುದು.